ಹಂಡೆ ಹಿಗ್ಗಿದರೆ ಹೊಳೆ ಕುಗ್ಗುತ್ತದೆ

ಮನೆಯಲ್ಲಿಯೇ ಬೀರು ತಯಾರಿಸಿಕೊಳ್ಳುವ ಹವ್ಯಾಸಕ್ಕೆ ಈಚೆಗೆ ಒಂದು ಹೊಸ ಮರ್ಯಾದೆ ಬಂದಿದೆ. ಹತ್ತಿಪ್ಪತ್ತು ಲೀಟರಿನ ಪಾತ್ರೆಯಲ್ಲಿ ಆರಂಭವಾಗುವ ಈ ಆಟ ಅಲ್ಲಿಗೇ ನಿಲ್ಲುವುದಿಲ್ಲ. ನೂರು ಲೀಟರು, ಇನ್ನೂರು ಲೀಟರು ಎಂದು ಹಂಡೆಗಳು ಹಿಗ್ಗುತ್ತವೆ. ಉಕ್ಕಿನ ಪಾತ್ರೆ, ತಾಮ್ರದ ಸುರುಳಿ, ಪಂಪು, ಶೈತ್ಯಯಂತ್ರ ಒಂದೊಂದಾಗಿ ಅಂಗಳಕ್ಕಿಳಿಯುತ್ತವೆ. ಬೆಟ್ಟದ ಸೀಮೆಗೆ ಬರುವ ಪ್ರವಾಸಿಗರಿಗೆ ‘ಮನೆಯ ಬೀರು’ ಬಡಿಸಿದರೆ ನಾಲ್ಕು ಕಾಸು ಹೆಚ್ಚು ಗಿಟ್ಟೀತೆಂಬ ಲೆಕ್ಕಾಚಾರವೂ ಇದರ ಬೆನ್ನಿಗೆ ಸೇರಿಕೊಳ್ಳುತ್ತದೆ. ಇಷ್ಟಕ್ಕೂ ಕೊಡುವ ಹೆಸರು ಸ್ವಾವಲಂಬನೆ. ದೊಡ್ಡ ಕಂಪನಿಗಳ ಬಾಟಲಿಯನ್ನು ತಿರಸ್ಕರಿಸಿ ತನ್ನ ಪಾನೀಯವನ್ನು ತಾನೇ ಮಾಡಿಕೊಳ್ಳುವವನು ಚರಕದ ಮುಂದೆ ಕುಳಿತವನಷ್ಟೇ ಸ್ವದೇಶಿ ಎಂಬ ವಾದ ವಿದ್ಯಾವಂತ ತರುಣರ ನಡುವೆ ಸುಲಭವಾಗಿ ಹಬ್ಬುತ್ತದೆ.

ಈ ವಾದವನ್ನು ಒರೆಗೆ ಹಚ್ಚಬೇಕಾದರೆ ಅದನ್ನು ಗುಡ್ಡದ ನೆತ್ತಿಯಿಂದ ಇಳಿಸಿ ನದಿಯ ನಡುದಾರಿಗೆ ಒಯ್ಯಬೇಕು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯ ಹಿಪ್ಪರಗಿ ಅದಕ್ಕೆ ತಕ್ಕ ಸ್ಥಳ. ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆ, ಸಹ್ಯಾದ್ರಿಯ ಮಳೆಯನ್ನು ಹೊತ್ತು ತರುವ ಕೊಯ್ನಾ, ವಾರಣಾ, ಪಂಚಗಂಗೆಯರನ್ನು ಕೂಡಿಸಿಕೊಂಡು ಇಲ್ಲಿಗೆ ಬರುತ್ತಾಳೆ. ಇಲ್ಲಿಯ ಬ್ಯಾರೇಜು ಸುಮಾರು 6 ಟಿ.ಎಂ.ಸಿ. ಅಡಿ ನೀರನ್ನು ಹಿಡಿದು ನಿಲ್ಲಿಸುತ್ತದೆ. ಈ ನೆಲದ ಸ್ವಂತ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರಿನೊಳಗೆ. ಮಲೆಯಲ್ಲಿ ಸುರಿದ ಮಳೆ ಬಯಲಿನಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಬಯಸುವ ಗುಡ್ಡಗಾಡಿನ ಹಳ್ಳಿಗನೂ ವಿದ್ಯಾರ್ಥಿಯೂ ಒಮ್ಮೆ ಈ ದಂಡೆಯ ಮೇಲೆ ನಿಂತು ನೋಡಬೇಕು.

ಹಂಡೆಯ ಲೆಕ್ಕ

ಇನ್ನೂರು ಲೀಟರು ಬೀರು ಇಳಿಸುವ ಮನೆಯ ಸಲಕರಣೆಯೊಂದನ್ನು ಹಿಪ್ಪರಗಿಯಂಥ ಊರಿನಲ್ಲಿ ಹೂಡಿದರೆಂದು ಭಾವಿಸೋಣ. ಅದಕ್ಕೆ ಮೂರು ಹಂಡೆಗಳು ಬೇಕು: ನೀರು ಕಾಯಿಸಲು ಒಂದು, ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯನ್ನು ಸುಮಾರು 65 ಡಿಗ್ರಿ ಶಾಖದಲ್ಲಿ ನೆನೆಯಿಸಲು ಒಂದು, ಬಸಿದ ಸಿಹಿರಸವನ್ನು ಹಾಪ್ಸ್ ಹೂವಿನೊಡನೆ ಒಂದು ತಾಸು ಕುದಿಸಲು ಇನ್ನೊಂದು. ಕುದಿದ ರಸವನ್ನು ಬೇಗನೆ 20 ಡಿಗ್ರಿಯ ಸುತ್ತಮುತ್ತ ತಂಪುಗೊಳಿಸಿ, ಯೀಸ್ಟ್ ಬೆರೆಸಿ, ಒಂದೆರಡು ವಾರ ಅದೇ ತಂಪಿನಲ್ಲಿ ಹುದುಗಲು ಬಿಡಬೇಕು. ವಿಧಾನ ಇಷ್ಟೇ. ಇದರಲ್ಲಿ ಗುಟ್ಟೇನೂ ಇಲ್ಲ. ಆದರೆ ನೀರಿನ ಲೆಕ್ಕವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ಇನ್ನೂರು ಲೀಟರಿಗೆ 40 ಕಿಲೋದಷ್ಟು ಕಾಳು ಬೇಕು. ಆ ಕಾಳು ತಾನೇ 40 ಲೀಟರು ನೀರನ್ನು ಹೀರಿಕೊಂಡು ಉಳಿಸಿಕೊಳ್ಳುತ್ತದೆ. ಕುದಿಯುವಾಗ ಆವಿಯಾಗಿ 20 ಲೀಟರು, ತಳದ ಗಸಿಯಲ್ಲಿ ಮತ್ತಷ್ಟು ಹೋಗುತ್ತದೆ. ರಸವನ್ನು ತಂಪುಗೊಳಿಸಲು ತಾಮ್ರದ ಸುರುಳಿಯಲ್ಲಿ 500 ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಹರಿಸಬೇಕು. ಪಾತ್ರೆ, ಕೊಳವೆ, ಬಾಟಲಿಗಳನ್ನು ತೊಳೆಯಲು 200 ಲೀಟರು. ಒಟ್ಟಿನಲ್ಲಿ ಒಮ್ಮೆ ಹಂಡೆ ಏರಿಸಿದರೆ 1,000 ಲೀಟರು ನೀರು ಮನೆಯೊಳಗೇ ಮುಗಿಯುತ್ತದೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರು ಎಂದು ನಿಗದಿಪಡಿಸಿದೆ. ಆ ಅಳತೆಯಲ್ಲಿ ಇದು 18 ಜನರ ಒಂದು ದಿನದ ಪಾಲು. ತಂಪುಗೊಳಿಸಿದ ನೀರನ್ನು ತೊಟ್ಟಿಯಲ್ಲಿ ಹಿಡಿದು ಗಿಡಗಳಿಗೆ ಉಣಿಸುವ ಜಾಗರೂಕರು ಇರಬಹುದು; ಅವರು ಅರ್ಧದಷ್ಟನ್ನು ಉಳಿಸಿಯಾರು. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಕೊಳವೆಬಾವಿಯ ನೀರೇ 28-30 ಡಿಗ್ರಿ ಇರುತ್ತದೆ. ಅದರಿಂದ ರಸವನ್ನು 20 ಡಿಗ್ರಿಗೆ ಇಳಿಸುವುದು ಪ್ರಕೃತಿ ನಿಯಮಕ್ಕೇ ವಿರುದ್ಧ. ಮಂಜುಗಡ್ಡೆ ತರಬೇಕು, ಇಲ್ಲವೇ ಹಗಲಿರುಳು ಶೈತ್ಯಯಂತ್ರ ಓಡಿಸಬೇಕು. ಚಳಿಯ ದೇಶಗಳು ತಮ್ಮ ಹವೆಗೆ ಹೊಂದಿಸಿಕೊಂಡ ಪಾನೀಯವನ್ನು ಬಿಸಿಲಿನ ನಾಡಿಗೆ ತಂದರೆ ಆ ಚಳಿಯನ್ನೂ ಹಣ ಕೊಟ್ಟು ತರಬೇಕಾಗುತ್ತದೆ.

ಹವೆ ತಂಪಾಗಿರುವ ಮಲೆನಾಡಿನವರು ಈ ಕಷ್ಟ ತಮಗಿಲ್ಲವೆಂದು ಹಿಗ್ಗಬೇಕಾಗಿಲ್ಲ. ಇನ್ನೂರು ಲೀಟರನ್ನು ಕಾಯಿಸಿ ಒಂದು ತಾಸು ಕುದಿಸಲು ಅನಿಲವಾದರೆ ಸುಮಾರು 5 ಕಿಲೋ, ಸಾಮಾನ್ಯ ಒಲೆಯಲ್ಲಿ ಸೌದೆಯಾದರೆ 45-50 ಕಿಲೋ ಉರಿಯುತ್ತದೆ. ತಿಂಗಳಿಗೆ ನಾಲ್ಕು ಸಲ ಹಂಡೆ ಏರಿಸುವ ಮನೆಗೆ ಸೌದೆ ಎಲ್ಲಿಂದ ಬರುತ್ತದೆಂದು ಬೆಟ್ಟದ ಹಳ್ಳಿಗರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಇದಿಷ್ಟು ಕಣ್ಣಿಗೆ ಕಾಣುವ ವೆಚ್ಚ. ಬೀರಿನ ನಿಜವಾದ ನೀರು ಖರ್ಚಾಗುವುದು ಜವೆಗೋಧಿಯ ಹೊಲದಲ್ಲಿ. ಹೊಲದಿಂದ ಲೋಟದವರೆಗೆ ಎಣಿಸಿದರೆ ಒಂದು ಲೀಟರು ಬೀರಿಗೆ ಜಗತ್ತಿನ ಸರಾಸರಿಯಲ್ಲಿ ಸುಮಾರು 300 ಲೀಟರು ನೀರು ತಗಲುತ್ತದೆಂದು ಜಲತಜ್ಞರ ಲೆಕ್ಕ. ಜವೆಗೋಧಿ ರಾಜಸ್ಥಾನ, ಉತ್ತರಪ್ರದೇಶದ ಕಡೆಯ ಬೆಳೆ. ಹಾಪ್ಸ್ ಬಹುಪಾಲು ಸಮುದ್ರದಾಚೆಯಿಂದ ಬರುವ ಸರಕು. ಕಾಳು ಪರರದು, ಹೂವು ಪರದೇಶದ್ದು, ಯೀಸ್ಟ್ ಪೊಟ್ಟಣದ್ದು, ತಂಪು ವಿದ್ಯುತ್ತಿನದು. ಊರಿನದೆಂದು ಉಳಿಯುವುದು ನೀರೊಂದೇ. ಆ ನೀರೇ ಊರಿನಲ್ಲಿ ಎಲ್ಲಕ್ಕಿಂತ ದುರ್ಲಭವಾದ ವಸ್ತು. ಇದನ್ನು ಸ್ವಾವಲಂಬನೆ ಎಂದು ಕರೆಯುವುದು ಪದಕ್ಕೆ ಮಾಡುವ ಅವಮಾನ.

‘ಮನೆ’ ಎಂಬ ಮಾತಿನ ಅಳತೆ

ಇನ್ನೂರು ಲೀಟರೆಂದರೆ 650 ಮಿಲಿಲೀಟರಿನ ಮುನ್ನೂರು ಬಾಟಲಿ. ಯಾವ ಮನೆ ಇದನ್ನು ಕುಡಿದು ಮುಗಿಸುತ್ತದೆ? ಕುಡಿದು ಮುಗಿಸಿದರೆ ಆ ಮನೆ ಮನೆಯಾಗಿ ಉಳಿಯುವುದಿಲ್ಲ. ಮುಗಿಸದಿದ್ದರೆ ಅದು ಅಂಗಡಿಯಾಗುತ್ತದೆ. ಮನೆಯ ಬೀರಿಗೆ ಅತ್ಯಂತ ಉದಾರವಾಗಿ ಬಾಗಿಲು ತೆರೆದ ದೇಶಗಳಲ್ಲೊಂದಾದ ಅಮೆರಿಕ ಕೂಡ 1978ರ ತನ್ನ ಕಾನೂನಿನಲ್ಲಿ ಮಿತಿಯೊಂದನ್ನು ಇಟ್ಟಿತು: ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರು, ಮಾರಾಟ ಸಲ್ಲದು. ದೊಡ್ಡ ಹಂಡೆಯನ್ನು ವರ್ಷಕ್ಕೆ ನಾಲ್ಕು ಸಲ ಪೂರ್ತಿ ತುಂಬಿಸಿದರೆ ಆ ಉದಾರ ಮಿತಿಯೂ ಮೀರಿತು.

ದೊಡ್ಡ ಪ್ರಮಾಣ ತನ್ನೊಡನೆ ದೊಡ್ಡ ಅಪಾಯವನ್ನೂ ತರುತ್ತದೆ. ಇನ್ನೂರು ಲೀಟರು ರಸ ಹುದುಗುವಾಗ ಏಳು ಕಿಲೋಗೂ ಹೆಚ್ಚು ಇಂಗಾಲಾಮ್ಲ ಹೊರಬೀಳುತ್ತದೆ. ಗಾತ್ರದಲ್ಲಿ ಅದು ಸುಮಾರು 4,000 ಲೀಟರು. ಗಾಳಿಯಾಡದ ಕೋಣೆಯಲ್ಲಿ ಈ ಭಾರದ ಅನಿಲ ನೆಲಮಟ್ಟದಲ್ಲಿ ಮಡುಗಟ್ಟುತ್ತದೆ. ಬಯಲುಸೀಮೆಯ ಹಿರಿಯರಿಗೆ ಇದು ಹೊಸ ಸಂಗತಿಯಲ್ಲ. ಜೋಳ ತುಂಬಿದ ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ದೀಪವೊಂದನ್ನು ಇಳಿಬಿಟ್ಟು ಅದು ಉರಿಯುತ್ತದೆಯೇ ಆರುತ್ತದೆಯೇ ಎಂದು ನೋಡುತ್ತಿದ್ದರು. ಆ ವಿವೇಕವನ್ನು ಮರೆತವರು ಮುಚ್ಚಿದ ಕೋಣೆಯಲ್ಲಿ ದೊಡ್ಡ ಪೀಪಾಯಿ ಹುದುಗಿಸುವ ಸಾಹಸಕ್ಕೆ ಇಳಿಯಬಾರದು.

ಇನ್ನು ತ್ಯಾಜ್ಯ. ಬಸಿದ ಕಾಳು ಒದ್ದೆಯಾಗಿ 80 ಕಿಲೋ ತೂಗುತ್ತದೆ. ಅಂದೇ ದನಕ್ಕೆ ಹಾಕಿದರೆ ಮೇವು. ಬಿಸಿಲಿನಲ್ಲಿ ಎರಡು ದಿನ ಬಿಟ್ಟರೆ ಹುಳಿತು ನಾರುವ ಕೊಳೆ. ತಳದ ಗಸಿಯೂ ಕೆಟ್ಟುಹೋದ ಬೀರೂ ಮನೆಯ ಬಚ್ಚಲನೀರಿನಂತಲ್ಲ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಕಸಿಯುವ ಅವುಗಳ ಶಕ್ತಿ ಬಚ್ಚಲನೀರಿನದಕ್ಕಿಂತ ನೂರಾರು ಪಟ್ಟು ಹೆಚ್ಚು. ಅದನ್ನು ಹಳ್ಳಕ್ಕೆ ಬಿಟ್ಟರೆ ಮೀನು ಮೊದಲು ತೇಲುತ್ತದೆ, ಕಾರಣವನ್ನು ಆಮೇಲೆ ಹುಡುಕಲಾಗುತ್ತದೆ.

ಕಾರ್ಖಾನೆಯನ್ನು ಕೇಳಿದವರಾರು?

ಇಲ್ಲಿ ಹಂಡೆಯವರು ಎತ್ತುವ ಪ್ರಶ್ನೆಯೊಂದಿದೆ, ಅದನ್ನು ತಪ್ಪಿಸಿಕೊಂಡು ಹೋಗುವುದು ನ್ಯಾಯವಲ್ಲ. ‘ಬಡವನ ಹಂಡೆಯ ನೀರನ್ನು ಲೋಟದಲ್ಲಿ ಅಳೆಯುವವರು ಕಬ್ಬಿನ ಗದ್ದೆಯ ನೀರನ್ನು ಎಂದಾದರೂ ಅಳೆದಿದ್ದಾರೆಯೇ?’ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ. ಒಂದು ಎಕರೆ ಕಬ್ಬು ಬೆಳೆಯಲು 1,500ರಿಂದ 2,500 ಮಿಲಿಮೀಟರು ನೀರು ಬೇಕು. ಎರಡು ಸಾವಿರವೆಂದು ಹಿಡಿದರೂ ಎಕರೆಗೆ 80 ಲಕ್ಷ ಲೀಟರು. ಮನೆಯೊಳಗೆ ಖರ್ಚಾಗುವ ನೀರಿನ ಲೆಕ್ಕದಲ್ಲಿ ಅದು ಇನ್ನೂರು ಲೀಟರಿನ ಹಂಡೆಯನ್ನು ಎಂಟು ಸಾವಿರ ಸಲ ಏರಿಸುವಷ್ಟು ನೀರು. 600 ಮಿಲಿಮೀಟರು ಮಳೆಯ ನೆಲದಲ್ಲಿ ಆ ಕೊರತೆಯನ್ನು ತುಂಬುವವರು ಕೃಷ್ಣೆ ಮತ್ತು ಘಟಪ್ರಭೆ. ಜಮಖಂಡಿ, ಮುಧೋಳ ಸೀಮೆಯಲ್ಲಿ ಜೋಳದ ಹೊಲಗಳು ಕಬ್ಬಿಗೆ ಎಡೆಮಾಡಿಕೊಟ್ಟವು. ಹೊಲಕ್ಕೆ ಹಾಯಿಸಿದ ನೀರು ಬಸಿಯಲು ದಾರಿಯಿಲ್ಲದೆ ಮೇಲೆದ್ದು ಎಷ್ಟೋ ಎರೆಭೂಮಿ ಸವಳು-ಜವಳಾಯಿತು. ದೇವರು ಕೊಟ್ಟ ಕಪ್ಪು ಮಣ್ಣಿನ ಮೇಲೆ ಬಿಳಿಯ ಉಪ್ಪು ಹೆಪ್ಪುಗಟ್ಟಿತು.

ಆ ಕಬ್ಬಿನ ಕಾಕಂಬಿ ಬಟ್ಟಿಯ ಕಾರ್ಖಾನೆ ಸೇರುತ್ತದೆ. ಕಾಕಂಬಿಯಿಂದ ಒಂದು ಲೀಟರು ಮದ್ಯಸಾರ ಇಳಿಸಿದರೆ ಎಂಟರಿಂದ ಹದಿನೈದು ಲೀಟರು ಕಪ್ಪು ದ್ರವ ಉಳಿಯುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರು ಇಳಿಸುವ ಘಟಕವೆಂದರೆ ದಿನಕ್ಕೆ ಎಂಟು ಲಕ್ಷ ಲೀಟರಿಗೆ ಕಡಿಮೆಯಿಲ್ಲದ ತ್ಯಾಜ್ಯ. ಒಂದು ಹನಿಯನ್ನೂ ಹೊರಬಿಡಕೂಡದೆಂಬ ನಿಯಮದತ್ತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2003ರಲ್ಲಿಯೇ ಹೆಜ್ಜೆಯಿಟ್ಟಿತು. ಆ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡಬೇಕಾದ ಊರಿನ ಕಣ್ಣುಗಳಿಗೆ ಮಾತ್ರ ಪರದೆ ಬೀಳುತ್ತ ಬಂದಿದೆ. ಪೆಟ್ರೋಲಿಗೆ ಬೆರೆಸುವ ಎಥನಾಲಿನ ಅವಸರದಲ್ಲಿ 2021ರಲ್ಲಿ ಕೇಂದ್ರ ಸರ್ಕಾರ ಪರಿಸರ ಅನುಮತಿಯ ನಿಯಮವನ್ನು ಸಡಿಲಿಸಿ, ಇಂಧನಕ್ಕಾಗಿ ಎಥನಾಲ್ ತಯಾರಿಸುವ ಕೆಲವು ವರ್ಗದ ಘಟಕಗಳನ್ನು ಸಾರ್ವಜನಿಕ ಅಹವಾಲು ಸಭೆಯಿಂದ ಹೊರಗಿಟ್ಟಿತು. ಊರಿನ ನೀರು ಬೇಕು, ಊರಿನ ಮಾತು ಬೇಡ ಎಂಬುದೇ ಇದರ ಅರ್ಥ.

ಇತ್ತ ನದಿಯ ಸ್ಥಿತಿಯೇನು? 2019ರ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಒಣಗಿ ದಂಡೆಯ ಊರುಗಳು ಕುಡಿಯುವ ನೀರಿಗೆ ಪರದಾಡಿದವು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ಊರುಗಳು ಪ್ರವಾಹದಲ್ಲಿ ಮುಳುಗಿದವು. 2023ರ ಮೇ ಕೊನೆಯಲ್ಲಿ ಕರ್ನಾಟಕದ ಮುಖ್ಯಮಂತ್ರಿ, ಉತ್ತರದ ಜಿಲ್ಲೆಗಳ ಕುಡಿಯುವ ನೀರಿಗಾಗಿ ವಾರಣಾ, ಕೊಯ್ನಾ ಜಲಾಶಯಗಳಿಂದ ಕೃಷ್ಣೆಗೆ 2 ಟಿ.ಎಂ.ಸಿ. ನೀರು ಬಿಡಿರೆಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯಬೇಕಾಯಿತು. ಬೇಸಿಗೆಯಲ್ಲಿ ನೆರೆರಾಜ್ಯದ ಮುಂದೆ ಕೊಡ ಹಿಡಿದು ನಿಲ್ಲುವ ಸೀಮೆಯಲ್ಲಿ ಹಂಡೆಯನ್ನು ಹಿಗ್ಗಿಸುವ ಮಾತನ್ನು ಯಾರೇ ಆಡಲಿ, ಕಾರ್ಖಾನೆಯೇ ಆಡಲಿ, ಮನೆಯವನೇ ಆಡಲಿ, ಅದು ವಿವೇಕದ ಮಾತಲ್ಲ.

ಕಾರ್ಖಾನೆ ತಪ್ಪು ಮಾಡಿದರೆ ಹಂಡೆಯ ತಪ್ಪು ಅಳಿಸಿಹೋಗುತ್ತದೆಯೇ? ಇಲ್ಲ. ಆದರೆ ಹಂಡೆಯನ್ನು ಮಾತ್ರ ಹಿಡಿದು ಕಾರ್ಖಾನೆಗೆ ಕೈಮುಗಿಯುವವರಿಗೂ ಇಲ್ಲಿ ನೈತಿಕ ಅಧಿಕಾರವಿಲ್ಲ.

ಸುಂಕದ ಕಣ್ಣು

1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅದಕ್ಕೆಂದು ಪಾತ್ರೆ-ಪರಿಕರಗಳನ್ನು ಇಟ್ಟುಕೊಳ್ಳುವುದೂ ಅಪರಾಧ. ಮನೆಯ ಬಳಕೆಗೆಂಬ ವಿನಾಯಿತಿಯನ್ನು ನಂಬಿ ದೊಡ್ಡ ಸಲಕರಣೆ ಕೊಳ್ಳಹೊರಟ ತರುಣರು ಇದನ್ನು ಮೊದಲು ತಿಳಿಯಬೇಕು. ಆದರೆ ಈ ಕಾನೂನು ಹಂಡೆಯ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: ಸುಂಕ ಸಂದಿದೆಯೇ? ಎಷ್ಟು ನೀರು ಹೀರಿತು, ಎಷ್ಟು ಸೌದೆ ಉರಿಯಿತು, ಕೊಳೆ ಎಲ್ಲಿ ಹರಿಯಿತು ಎಂಬುದು ಅಬಕಾರಿಯ ಪುಸ್ತಕದಲ್ಲಿಲ್ಲ.

ಇದು ಇಂದಿನ ಕಥೆಯಲ್ಲ. ಹಿಪ್ಪರಗಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ಹಿಪ್ಪೆಮರ ನೆನಪಾಗುತ್ತದೆ. ಆ ಮರದ ಹೂವಿನಿಂದ ಮಡಕೆಯಲ್ಲಿ ಪಾನೀಯ ಮಾಡಿಕೊಳ್ಳುತ್ತಿದ್ದ ಕಾಡಿನ ಜನರನ್ನು ಹಿಡಿಯಲು ಬ್ರಿಟಿಷರು 1878ರಲ್ಲಿ ಮುಂಬಯಿ ಅಬಕಾರಿ ಕಾಯ್ದೆ ತಂದರು. 1892ರಲ್ಲಿ ಹಿಪ್ಪೆಹೂವನ್ನೇ ನಿಯಂತ್ರಿಸುವ ಪ್ರತ್ಯೇಕ ಕಾಯ್ದೆ ಮಾಡಿದರು. ಜನರ ಆರೋಗ್ಯದ ಚಿಂತೆ ಅವರಿಗಿರಲಿಲ್ಲ. ಚದುರಿದ ಮಡಕೆಗಳನ್ನು ಒಡೆದು ಮದ್ಯವನ್ನು ದೊಡ್ಡ ಬಟ್ಟಿಗಳಲ್ಲಿ ಕೂಡಿಹಾಕಿದರೆ ಸುಂಕ ಎತ್ತುವುದು ಸುಲಭ ಎಂಬುದೇ ತರ್ಕ. ಮಡಕೆಗೆ ಒಂದು ಸಹಜ ಮಿತಿಯಿತ್ತು: ಹೂ ಬಿಡುವ ಋತು, ಹಬ್ಬದ ದಿನ, ಮಣ್ಣಿನ ಪಾತ್ರೆಯ ಗಾತ್ರ. ದೊಡ್ಡ ಬಟ್ಟಿಗೆ ಮಿತಿಯಿಲ್ಲ. ಅದು ವರ್ಷವಿಡೀ ಉರಿಯಬೇಕು, ಅದಕ್ಕೆ ಕುಡಿಯುವವರನ್ನು ವರ್ಷವಿಡೀ ಒದಗಿಸಬೇಕು. ಪರಂಪರೆಯ ಹೆಸರಿನಲ್ಲಿ ಇಂದು ಇನ್ನೂರು ಲೀಟರಿನ ಉಕ್ಕಿನ ಹಂಡೆ ತರುವವರು ಮಡಕೆಯ ವಾರಸುದಾರರಲ್ಲ. ಅವರು ಸಣ್ಣ ಅಳತೆಯಲ್ಲಿ ಆ ದೊಡ್ಡ ಬಟ್ಟಿಯ ವಾರಸುದಾರರು.

ಸುಂಕದ ಕಣ್ಣಿಗೆ ಮನೆಯ ಹೆಂಗಸೂ ಕಾಣುವುದಿಲ್ಲ. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಹಾಗೂ ಗಡಿಯಾಚೆಯ ಕೃಷ್ಣಗಿರಿ ಸೀಮೆಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಹುದುಗಿದ ಬೀರಿನಲ್ಲಿ ಹುಟ್ಟದ ಆ ವಿಷ, ಕಾರ್ಖಾನೆಯ ಮೆಥನಾಲನ್ನು ಬೆರೆಸುವ ವ್ಯಾಪಾರಿಯ ಕೈಯಿಂದ ಬಂದುದು. ಸಾರಾಯಿ ಹೋದ ಜಾಗಕ್ಕೆ ಸೀಲು ಹಾಕಿದ ಅಗ್ಗದ ಪೊಟ್ಟಣ ಬಂತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧ ಕೋರಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಸರ್ಕಾರ ಕೊಟ್ಟ ಉತ್ತರ ಆಯವ್ಯಯ ಪತ್ರದಲ್ಲಿದೆ: 2025-26ರ ಅಬಕಾರಿ ವರಮಾನದ ಗುರಿ 40,000 ಕೋಟಿ ರೂಪಾಯಿ. ಆ ಹೆಂಗಸರು ಬಾಗಿಲ ಹೊರಗೆ ನಿಲ್ಲಿಸಬೇಕೆಂದು ನಡೆದದ್ದನ್ನೇ ಮನೆಯ ಒಳಕೋಣೆಗೆ ಪೀಪಾಯಿಗಟ್ಟಲೆ ತಂದು ಇಡುವುದು ಹವ್ಯಾಸವೆನಿಸಬಹುದು. ಆ ಕೋಣೆಯನ್ನು ಗುಡಿಸುವವಳನ್ನು ಕೇಳಿದ ಮೇಲೆ ಆ ಮಾತನ್ನಾಡಬೇಕು.

ಬೆವರಿನ ಬ್ಯಾರೇಜು

ಸ್ವಂತ ಕೈಯಿಂದ ದೊಡ್ಡದನ್ನು ಕಟ್ಟುವುದೆಂದರೇನೆಂದು ತಿಳಿಯಬೇಕಾದವರಿಗೆ ಜಮಖಂಡಿ ಸೀಮೆಯಲ್ಲಿಯೇ ಪಾಠವಿದೆ. ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ, ಸರ್ಕಾರದ ದಾರಿ ಕಾಯದೆ, ತಾವೇ ವಂತಿಗೆ ಕೂಡಿಸಿ, ಶ್ರಮದಾನ ಮಾಡಿ ಚಿಕ್ಕಪಡಸಲಗಿಯಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. 1989ರಲ್ಲಿ ಪೂರ್ಣಗೊಂಡ ಅದಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರು ಬಂತು. ಸ್ವಾವಲಂಬನೆ ಎಂಬ ಪದಕ್ಕೆ ನಾಡಿನಲ್ಲಿ ಅದಕ್ಕಿಂತ ದೊಡ್ಡ ಅರ್ಥಕೋಶವಿಲ್ಲ.

ಆದರೆ ಆ ಪಾಠಕ್ಕೆ ಎರಡನೆಯ ಅಧ್ಯಾಯವೂ ಉಂಟು. ಊರಿನ ಬೆವರು ಹಿಡಿದು ನಿಲ್ಲಿಸಿದ ನೀರಿನ ದಂಡೆಯ ಮೇಲೂ ಕಬ್ಬೇ ಬೆಳೆದು ನಿಂತಿತು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ಧರಣಿ ಕುಳಿತದ್ದೂ, ಮುಧೋಳದವರೆಗೆ ಆ ಕಾವು ಹಬ್ಬಿದ್ದೂ ಟನ್ ಕಬ್ಬಿನ ದರಕ್ಕಾಗಿ. ನದಿಯನ್ನು ತಾವೇ ಕಟ್ಟಬಲ್ಲ ಜನ ತಮ್ಮ ಬೆಳೆಯ ಬೆಲೆಗೆ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುವಂತಾಯಿತು. ಹಿಡಿದ ನೀರನ್ನು ಯಾವುದಕ್ಕೆ, ಎಷ್ಟು ಬಳಸಬೇಕೆಂಬ ಅಳತೆಯನ್ನು ಸಮುದಾಯ ಕೈಬಿಟ್ಟಲ್ಲಿ ಸ್ವಂತ ಕೈಯ ಕಟ್ಟಡವೂ ಪರರ ಯಂತ್ರದ ಬಿಡಿಭಾಗವಾಗುತ್ತದೆ. ನದಿಗೇ ಹೀಗಾದ ಮೇಲೆ ಹಂಡೆಯ ಪಾಡೇನು?

ಕೇಳಬೇಕಾದುದು

ಆದ್ದರಿಂದ ಬೇಕಾದುದು ಒಂದೇ ಅಳತೆ. ಹಂಡೆ ಇನ್ನೂರು ಲೀಟರಿನದಿರಲಿ, ಎರಡು ಲಕ್ಷ ಲೀಟರಿನದಿರಲಿ, ಅದು ಸುಂಕದ ಕಚೇರಿಗೆ ಮುನ್ನ ನೀರಿನ ಕಟಕಟೆಯಲ್ಲಿ ನಿಲ್ಲಬೇಕು. ಮದ್ಯಸಾರ ಇಳಿಸುವ ಪ್ರತಿಯೊಂದು ಘಟಕವೂ ಒಳಗೆ ಎಳೆದ ನೀರು, ಹೊರಗೆ ಹೋದ ತ್ಯಾಜ್ಯ ಎರಡರ ಲೆಕ್ಕವನ್ನು ತಿಂಗಳು ತಿಂಗಳಿಗೆ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಇಡಬೇಕು. 2021ರಲ್ಲಿ ಕಸಿದುಕೊಂಡ ಅಹವಾಲು ಸಭೆಯನ್ನು ಊರುಗಳಿಗೆ ಮರಳಿ ಕೊಡಬೇಕು. ನದಿ ಬತ್ತುವ ತಿಂಗಳುಗಳಲ್ಲಿ ಕೊಡಕ್ಕೆ ಮೊದಲ ಹಕ್ಕು, ದನದ ಬಾನಿಗೆ ಎರಡನೆಯದು, ಹಂಡೆಗೂ ಬಟ್ಟಿಗೂ ಕೊನೆಯದು ಎಂಬ ಕ್ರಮ ಲಿಖಿತವಾಗಬೇಕು. ಕಬ್ಬು ಬಿಡಲಾರದ ರೈತನಿಗೆ ಹನಿ ನೀರಾವರಿಯೂ, ಬಿಟ್ಟು ಜೋಳ-ಕಡಲೆಗೆ ಮರಳುವವನಿಗೆ ಖಾತರಿ ಬೆಲೆಯೂ ದೊರೆಯಬೇಕು.

ಬೆಟ್ಟದ ಹಳ್ಳಿಗರು ತಮ್ಮ ಊರಿನ ಪ್ರವಾಸಿ ಮನೆಗಳಿಗೆ ಇದೇ ಪ್ರಶ್ನೆಗಳನ್ನು ಇಂದೇ ಕೇಳಬಹುದು. ಯಾವ ಝರಿಯ ನೀರು? ಯಾವ ಕಾಡಿನ ಸೌದೆ? ಯಾವ ಹಳ್ಳಕ್ಕೆ ಗಸಿ? ಉತ್ತರ ಕೊಡಲಾರದ ಹಂಡೆ ಊರಿಗೆ ಬೇಡ. ವಿದ್ಯಾರ್ಥಿಗಳಿಗೆ ಇದು ಪ್ರಯೋಗಶಾಲೆಯ ಹೊರಗಿನ ಪಾಠ: ಒಂದು ಬಕೆಟ್ಟು, ಒಂದು ಗಡಿಯಾರ ಹಿಡಿದು ಮಾರ್ಚ್‌ನಿಂದ ಮೇವರೆಗೆ ತಮ್ಮ ಊರಿನ ತೊರೆಯ ಹರಿವನ್ನು ವಾರಕ್ಕೊಮ್ಮೆ ಅಳೆದು ಬರೆದಿಟ್ಟರೆ ಸಾಕು. ಮುಂದೆ ಯಾರಾದರೂ ಅಲ್ಲಿ ದೊಡ್ಡ ಹಂಡೆ ಹೂಡಲು ಬಂದಾಗ ಊರಿನ ಕೈಯಲ್ಲಿ ಆ ಪುಸ್ತಕವಿರುತ್ತದೆ.

ಮಲೆಯಲ್ಲಿ ಬಿದ್ದ ಹನಿ ಹಿಪ್ಪರಗಿಯ ಬಾಗಿಲಿಗೆ ಬರುವ ಹೊತ್ತಿಗೆ ಅದಕ್ಕೆ ಎಷ್ಟೋ ಜನ ಹಕ್ಕುದಾರರು ಕಾದು ನಿಂತಿರುತ್ತಾರೆ. ಸರತಿಯಲ್ಲಿ ಮೊದಲು ನಿಂತವಳು ಕೊಡ ಹಿಡಿದ ಹೆಂಗಸು. ಅವಳನ್ನು ಬದಿಗೆ ಸರಿಸಿ ಮುಂದೆ ಬರುವ ಹಕ್ಕು ಯಾವ ಹಂಡೆಗೂ ಇಲ್ಲ.